ಹುಡುಕಿದ ಪುಸ್ತಕ ಪಟ್ಟಿಯ ತುದಿಗೆ ಬರುವುದು ಹೇಗೆ?

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ಕಗ್ಗದಾಸಪುರದಲ್ಲಿ ಒಂದು ಕೆರೆಯಿದೆ. ಕೆರೆಯ ನೀರನ್ನು ಮುಚ್ಚುವ ಕಳೆಗಿಡಗಳನ್ನು ಕುರಿತು ಅಲ್ಲಿನ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ಮಾಡಬೇಕಾಗಿದೆ ಎಂದಿಟ್ಟುಕೊಳ್ಳಿ. ಅವಳು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ‘ಬೆಂಗಳೂರು ಕೆರೆ ಕಳೆ’ ಎಂದು ಬೆರಳಚ್ಚಿಸುತ್ತಾಳೆ. ನೂರಾರು ಪುಸ್ತಕಗಳ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ಮೊದಲ ಪುಟದಲ್ಲಿ ಬೇಕಾದದ್ದು ಕಾಣದಿದ್ದರೆ ಅವಳು ಏನೆಂದುಕೊಳ್ಳುತ್ತಾಳೆ? ‘ಇಲ್ಲಿ ಆ ಪುಸ್ತಕ ಇಲ್ಲ’ ಎಂದು. ಪುಸ್ತಕವೇನೋ ಕಪಾಟಿನಲ್ಲೇ ಇರುತ್ತದೆ. ಆದರೆ ಅವಳ ಪಾಲಿಗೆ ಅದು ಇಲ್ಲವಾಯಿತು!

ಹಿಂದೆ ಗ್ರಂಥಾಲಯಗಳಲ್ಲಿ ಮರದ ಸೆಳೆಖಾನೆಗಳ ತುಂಬ ಕಾರ್ಡುಗಳಿರುತ್ತಿದ್ದವು. ಅವುಗಳ ಕ್ರಮ ಅಕಾರಾದಿ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಕಂಪ್ಯೂಟರ್ ಸೂಚಿಯಲ್ಲಿ ಮಾತ್ರ ಬಹಳಷ್ಟು ಕಡೆ ‘ಪ್ರಸ್ತುತತೆ’ಯ ಕ್ರಮವಿದೆ. ಕೇಳಿದ್ದಕ್ಕೆ ಹೆಚ್ಚು ಹೊಂದುವುದು ಮೇಲೆ, ಕಡಿಮೆ ಹೊಂದುವುದು ಕೆಳಗೆ. ಅರ್ಥವೇ ತಿಳಿಯದ ಯಂತ್ರ ಈ ಹೊಂದಿಕೆಯನ್ನು ಅಳೆಯುವುದು ಹೇಗೆ?

ಪದಗಳಿಗೂ ತೂಕ

ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ನೀವು ನೋಡಿದ್ದೀರಿ. ಯಾವ ಪದ ಯಾವ ಪುಟದಲ್ಲಿದೆ ಎಂಬುದು ಅದರಲ್ಲಿರುತ್ತದೆ. ಕಂಪ್ಯೂಟರೂ ಇಂಥದೇ ಒಂದು ಪದಸೂಚಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡಿರುತ್ತದೆ. ಪುಟಗಳ ಬದಲು ಯಾವ ಪದ ಯಾವ ಪುಸ್ತಕಗಳ ವಿವರದಲ್ಲಿದೆ, ಎಷ್ಟು ಸಲ ಇದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ.

ಆದರೆ ಎಲ್ಲ ಪದಗಳ ಬೆಲೆ ಒಂದೇ ಅಲ್ಲ. ಬಹಳ ಪುಸ್ತಕಗಳಲ್ಲಿರುವ ಪದ ಯಾವ ಪುಸ್ತಕವನ್ನೂ ಬೇರ್ಪಡಿಸಿ ತೋರಿಸದು. ಅಪರೂಪದ ಪದ ತೋರಿಸುತ್ತದೆ. ಬ್ರಿಟನ್ನಿನ ವಿಜ್ಞಾನಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇದೇ. ಒಂದು ಲೆಕ್ಕ ಮಾಡಿ ನೋಡೋಣ.

ನಮ್ಮ ಕಾಲ್ಪನಿಕ ಗ್ರಂಥಾಲಯದಲ್ಲಿ 10,000 ಪುಸ್ತಕಗಳಿವೆ. ‘ಬೆಂಗಳೂರು’ 1,000 ಪುಸ್ತಕಗಳ ವಿವರದಲ್ಲಿದೆ, ‘ಕೆರೆ’ 100ರಲ್ಲಿ, ‘ಕಳೆ’ 10ರಲ್ಲಿ ಮಾತ್ರ. ಒಟ್ಟು ಪುಸ್ತಕಗಳ ಸಂಖ್ಯೆಯನ್ನು ಪದವಿರುವ ಪುಸ್ತಕಗಳ ಸಂಖ್ಯೆಯಿಂದ ಭಾಗಿಸಿ, 10ರ ಆಧಾರದಲ್ಲಿ ಲಾಗರಿದಮ್ ತೆಗೆದರೆ ಪದದ ತೂಕ ಸಿಗುತ್ತದೆ.

ಬೆಂಗಳೂರು: 10,000 ÷ 1,000 = 10; ತೂಕ 1
ಕೆರೆ: 10,000 ÷ 100 = 100; ತೂಕ 2
ಕಳೆ: 10,000 ÷ 10 = 1,000; ತೂಕ 3

ಈಗ ಮೂರು ಪುಸ್ತಕಗಳನ್ನು ತೆಗೆದುಕೊಳ್ಳಿ. ಮೊದಲನೆಯದರ ವಿವರದಲ್ಲಿ ‘ಬೆಂಗಳೂರು’ ಎರಡು ಸಲ, ‘ಕೆರೆ’ ಒಂದು ಸಲ ಇದೆ. ಅಂಕ 2 + 2 = 4. ಎರಡನೆಯದರಲ್ಲಿ ‘ಕೆರೆ’ ಒಮ್ಮೆ, ‘ಕಳೆ’ ಒಮ್ಮೆ ಇದೆ. ಅಂಕ 2 + 3 = 5. ಬೆಂಗಳೂರಿನ ಹೆಸರೇ ಇಲ್ಲದಿದ್ದರೂ ಇದು ಮೇಲೆ ಬಂತು. ವಿದ್ಯಾರ್ಥಿನಿಗೆ ಬೇಕಾದದ್ದೂ ಇದೇ. ಆದರೆ ಮೂರನೆಯದರಲ್ಲಿ ‘ಬೆಂಗಳೂರು’ ಆರು ಸಲ ಬಂದಿದೆ, ಬೇರೇನೂ ಇಲ್ಲ. ಅಂಕ 6! ಕೆರೆಯ ಸುಳಿವೇ ಇಲ್ಲದ ಪುಸ್ತಕ ಮೊದಲ ಸ್ಥಾನಕ್ಕೇರಿತು.

ಈ ದೋಷಕ್ಕೆ ಪರಿಹಾರವಿದೆ. ಬಾಯಾರಿದವನಿಗೆ ಮೊದಲ ಲೋಟ ನೀರು ಅಮೃತ, ಆರನೆಯದು ಬೇಡವೇ ಬೇಡ. ಹಾಗೆಯೇ ಪದವೊಂದು ಮತ್ತೆ ಮತ್ತೆ ಬಂದಂತೆ ಪ್ರತಿ ಸಲವೂ ಸಿಗುವ ಅಂಕ ಕಡಿಮೆಯಾಗುತ್ತ ಹೋಗಬೇಕು. ಉದ್ದುದ್ದ ವಿವರಗಳಿಗೆ ಸಹಜವಾಗಿ ಸಿಗುವ ಲಾಭವನ್ನೂ ತಗ್ಗಿಸಬೇಕು. ಲಂಡನ್ನಿನಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ‘ಬಿಎಂ25’ ಎಂಬ ಸೂತ್ರ ಇವೆರಡನ್ನೂ ಮಾಡುತ್ತದೆ. ಇಂದಿಗೂ ಅನೇಕ ಶೋಧ ತಂತ್ರಾಂಶಗಳಲ್ಲಿ ಅದು ಬಳಕೆಯಲ್ಲಿದೆ.

ಗ್ರಂಥಾಲಯದ ಸೂಚಿಯಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಸಾಮಾನ್ಯವಾಗಿ ಪುಸ್ತಕದ ಒಳಗಿನ ಪಠ್ಯ ಇರುವುದಿಲ್ಲ; ಶೀರ್ಷಿಕೆ, ಲೇಖಕ, ವಿಷಯ, ಟಿಪ್ಪಣಿ ಇಷ್ಟೇ. ಆದ್ದರಿಂದ ಪದ ಎಷ್ಟು ಸಲ ಬಂತು ಎಂಬುದಕ್ಕಿಂತ ಎಲ್ಲಿ ಬಂತು ಎಂಬುದು ಮುಖ್ಯ. ಶೀರ್ಷಿಕೆ ಮತ್ತು ವಿಷಯದಲ್ಲಿ ಬಂದ ಪದಕ್ಕೆ ಹೆಚ್ಚು ಅಂಕ, ಟಿಪ್ಪಣಿಯಲ್ಲಿ ಬಂದದ್ದಕ್ಕೆ ಕಡಿಮೆ.

ಕನ್ನಡದ ತೊಡಕುಗಳು

ಯಂತ್ರ ಹೋಲಿಸುವುದು ಅಕ್ಷರಗಳನ್ನು, ಅರ್ಥವನ್ನಲ್ಲ. ಕನ್ನಡದ ಓದುಗರಿಗೆ ಇದರಿಂದ ಹಲವು ತೊಂದರೆಗಳಿವೆ.

ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಹೆಸರು ‘ಹಸುರು ಹೊನ್ನು’. ಇಂದಿನ ವಿದ್ಯಾರ್ಥಿ ‘ಹಸಿರು’ ಎಂದೇ ಬರೆಯುತ್ತಾನೆ. ಒಂದು ಸ್ವರದ ವ್ಯತ್ಯಾಸಕ್ಕೆ ಸಸ್ಯಶಾಸ್ತ್ರದ ಅಷ್ಟು ಸೊಗಸಾದ ಪುಸ್ತಕ ಪಟ್ಟಿಯಿಂದ ಮರೆಯಾಗಬಹುದು.

ಎರಡನೆಯದು ಪ್ರತ್ಯಯ ಮತ್ತು ಸಂಧಿ. ಕೆರೆ, ಕೆರೆಯ, ಕೆರೆಗಳು ನಮಗೆ ಒಂದೇ ಪದದ ರೂಪಗಳು. ಯಂತ್ರಕ್ಕೆ ಮೂರು ಬೇರೆ ಪದಗಳು. ‘ಕಾಲ’ ಎಂದು ಹುಡುಕಿದರೆ ಆದೇಶ ಸಂಧಿಯ ‘ಮಳೆಗಾಲ’ ಸಿಗುವುದಿಲ್ಲ. ಕೆಲವು ಸೂಚಿಗಳಲ್ಲಿ ‘ಕೆರೆ*’ ಎಂದು ನಕ್ಷತ್ರ ಚಿಹ್ನೆ ಹಾಕಿದರೆ ಆ ಅಕ್ಷರಗಳಿಂದ ಆರಂಭವಾಗುವ ಎಲ್ಲ ಪದಗಳೂ ಬರುತ್ತವೆ. ಆಗ ಕೆರೆಗಳ ಜೊತೆ ‘ಕೆರೆತ’ದ ಚಿಕಿತ್ಸೆಯ ಪುಸ್ತಕವೂ ಬಂದರೆ ಗಾಬರಿಯಾಗಬೇಡಿ!

ಮೂರನೆಯದು ನಾನಾರ್ಥ. ‘ಕಳೆ’ ಎಂದರೆ ಬೇಡದ ಗಿಡ. ಮುಖದ ಕಾಂತಿಯೂ ಹೌದು. ಇದನ್ನು ಬಿಡಿಸಬಲ್ಲವರು ಪುಸ್ತಕವನ್ನು ತೆರೆದು ನೋಡಿ ‘ಜಲಸಸ್ಯಗಳು’ ಎಂಬ ವಿಷಯ ಶೀರ್ಷಿಕೆ ಕೊಡುವ ಸೂಚೀಕಾರರು.

ನಾಲ್ಕನೆಯದು ಅಕ್ಷರ ಸಂಕೇತ. ಯೂನಿಕೋಡ್ ಬಳಕೆಗೆ ಮುನ್ನ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದಿದ್ದವು. ಹಾಗೆ ಬರೆದ ‘ಕೆರೆ’ ನಮ್ಮ ಕಣ್ಣಿಗೆ ಕೆರೆ. ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅಂಥ ಹಳೆಯ ದಾಖಲೆಗಳನ್ನು ಪರಿವರ್ತಿಸದ ಹೊರತು ಎಂಥ ಸೂತ್ರವೂ ಅವನ್ನು ಮೇಲಕ್ಕೆ ತರಲಾರದು.

ಜನಪ್ರಿಯತೆಯ ಸುಳಿ

ಕೆಲವು ಸೂಚಿಗಳು ಎರವಲು ಹೋದ ಸಂಖ್ಯೆಯನ್ನೂ ಕ್ರಮಕ್ಕೆ ಬಳಸುತ್ತವೆ. ಅನೇಕ ಗ್ರಂಥಾಲಯಗಳಲ್ಲಿರುವ ‘ಕೋಹಾ’ ಎಂಬ ಮುಕ್ತ ತಂತ್ರಾಂಶದಲ್ಲಿ ಓದುಗರೇ ಪ್ರಸ್ತುತತೆ, ಜನಪ್ರಿಯತೆ, ಲೇಖಕ, ವರ್ಷ ಮುಂತಾದ ಕ್ರಮಗಳಲ್ಲಿ ಒಂದನ್ನು ಆರಿಸಬಹುದು. ಜನಪ್ರಿಯತೆಯ ಕ್ರಮದಲ್ಲಿ ಒಂದು ಅಪಾಯವಿದೆ. ಮೇಲಿರುವ ಪುಸ್ತಕ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ, ಹೆಚ್ಚು ಎರವಲು ಹೋಗುತ್ತದೆ, ಇನ್ನೂ ಮೇಲೇರುತ್ತದೆ. ಕೆಳಗಿರುವುದು ಕೆಳಗೇ ಉಳಿಯುತ್ತದೆ.

ಹುಡುಕುವವರಿಗೆ ಕಿವಿಮಾತು

1. ಪೂರ್ತಿ ವಾಕ್ಯ ಬರೆಯಬೇಡಿ. ಎಲ್ಲ ಪದಗಳೂ ಇರುವ ಪುಸ್ತಕಗಳನ್ನಷ್ಟೇ ತೋರಿಸುವ ಸೂಚಿಗಳಲ್ಲಿ ಉತ್ತರ ಸೊನ್ನೆಯಾಗುತ್ತದೆ.
2. ಅಪರೂಪದ, ನಿರ್ದಿಷ್ಟ ಪದದಿಂದ ಆರಂಭಿಸಿ.
3. ಕಾಗುಣಿತ ಬದಲಿಸಿ ನೋಡಿ. ಇಂಗ್ಲಿಷ್ ಲಿಪಿಯಲ್ಲೂ ಪ್ರಯತ್ನಿಸಿ.
4. ಒಂದು ಒಳ್ಳೆಯ ಪುಸ್ತಕ ಸಿಕ್ಕರೆ ಅದರ ವಿಷಯ ಶೀರ್ಷಿಕೆಯನ್ನು ಒತ್ತಿ. ಅದರ ಬಂಧುಗಳೆಲ್ಲ ಒಟ್ಟಿಗೆ ಸಿಗುತ್ತವೆ.
5. ಕೊನೆಗೆ ಗ್ರಂಥಪಾಲಕರನ್ನು ಕೇಳಿ. ಅವರಿಗೆ ಅರ್ಥ ತಿಳಿಯುತ್ತದೆ!

ಶಿಕ್ಷಕರು ಇದನ್ನೊಂದು ಚಟುವಟಿಕೆಯಾಗಿ ಮಾಡಿಸಬಹುದು. ಶಾಲೆಯ ಇಪ್ಪತ್ತು ಪುಸ್ತಕಗಳಿಗೆ ಮಕ್ಕಳೇ ಕಾರ್ಡು ಬರೆಯಲಿ, ಪದಗಳ ತೂಕ ಲೆಕ್ಕಹಾಕಿ ಕ್ರಮ ಕೊಡಲಿ. ಬಳಿಕ ತಾವೇ ಓದಿ ಕೊಟ್ಟ ಕ್ರಮದೊಡನೆ ಹೋಲಿಸಲಿ. ಎರಡೂ ಬೇರೆಯಾದಲ್ಲಿ ‘ಏಕೆ?’ ಎಂದು ಕೇಳಿದರೆ ಪಾಠ ಆರಂಭವಾದಂತೆ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ನಾಲ್ಕನೆಯದು ಓದುಗನ ಸಮಯ ಉಳಿಯಬೇಕು ಎನ್ನುತ್ತದೆ. ಅವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 1972ರಲ್ಲಿ, ಪದಗಳಿಗೆ ತೂಕ ಕೊಡುವ ಆ ಲೇಖನ ಬಂದ ವರ್ಷವೇ. ಅಂಕಗಳ ಕ್ರಮ ನಾಲ್ಕನೆಯ ಸೂತ್ರವನ್ನು ಮಟ್ಟಿಗೆ ಪಾಲಿಸುತ್ತದೆ. ಮೂರನೆಯದನ್ನು ಪಾಲಿಸಲು ಸೂಚೀಕಾರರ ಶ್ರದ್ಧೆಯೂ, ಮೊದಲ ಪುಟಕ್ಕೇ ನಿಲ್ಲದ ಓದುಗರ ತಾಳ್ಮೆಯೂ ಬೇಕು.