ಜೇಮ್ಸ್‌ಟೌನಿನ ಬರಕ್ಕೆ ಮರಗಳ ಸಾಕ್ಷಿ

1607ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಬಂದ 104 ಗಂಡಸರು ಮತ್ತು ಹುಡುಗರು ಇಂದಿನ ವರ್ಜೀನಿಯಾದ ಜೇಮ್ಸ್ ನದಿಯ ದಡದಲ್ಲಿ ಇಳಿದು ಮರದ ಕೋಟೆ ಕಟ್ಟಿಕೊಂಡರು. ಅದೇ ಜೇಮ್ಸ್‌ಟೌನ್, ಉತ್ತರ ಅಮೆರಿಕದಲ್ಲಿ ಬೇರು ಬಿಟ್ಟು ನಿಂತ ಮೊದಲ ಇಂಗ್ಲಿಷ್ ವಸಾಹತು. ಆದರೆ ಮೊದಲ ಕೆಲವು ವರ್ಷ ಅದು ಉಳಿಯುವ ಲಕ್ಷಣವೇ ಇರಲಿಲ್ಲ. 1609ರ ಚಳಿಗಾಲ ಶುರುವಾದಾಗ ಅಲ್ಲಿದ್ದವರು ಸುಮಾರು 300 ಮಂದಿ. ಮರುವರ್ಷದ ಮೇ ತಿಂಗಳಲ್ಲಿ ನೆರವಿನ ಹಡಗುಗಳು ಬಂದಾಗ ಬದುಕಿದ್ದವರು ಸುಮಾರು 60.

ಇಷ್ಟೊಂದು ಜನ ಸತ್ತದ್ದೇಕೆ? ಬಂದವರಲ್ಲಿ ದುಡಿದು ಗೊತ್ತಿಲ್ಲದ ಸಿರಿವಂತರ ಮಕ್ಕಳೇ ಹೆಚ್ಚಾಗಿದ್ದರು, ಬೇಸಾಯ ಬಿಟ್ಟು ಚಿನ್ನ ಹುಡುಕಿದರು, ನಾಯಕರು ತಮ್ಮತಮ್ಮಲ್ಲೇ ಕಚ್ಚಾಡಿದರು, ಅಲ್ಲಿನ ಮೂಲನಿವಾಸಿಗಳು ಕಾಳು ಕೊಡುವುದನ್ನು ನಿಲ್ಲಿಸಿದರು. ಬಹುಕಾಲ ಹೇಳಿಕೊಂಡು ಬಂದ ಉತ್ತರ ಇದು. ಇದರಲ್ಲಿ ಸುಳ್ಳಿಲ್ಲ. ಆದರೆ ಇದೆಲ್ಲ ಇಂಗ್ಲಿಷರೇ ಬರೆದಿಟ್ಟದ್ದು. ಆ ನೆಲದ ಪೌಹಾಟನ್ ಜನ ತಮ್ಮ ಮಾತನ್ನು ಕಾಗದದ ಮೇಲೆ ಬಿಟ್ಟುಹೋಗಲಿಲ್ಲ. ಹಾಗಾಗಿ ಅವರೇಕೆ ಕಾಳು ಕೊಡಲಿಲ್ಲ ಎಂಬುದಕ್ಕೆ 'ಹಗೆತನ' ಎಂಬ ಒಂದೇ ಕಾರಣ ಪುಸ್ತಕಗಳಲ್ಲಿ ಉಳಿಯಿತು. ಇನ್ನೊಂದು ಕಾರಣವನ್ನು ತೋರಿಸಿಕೊಟ್ಟದ್ದು ಮರಗಳು.

ಋತುಮಾನಕ್ಕೆ ತಕ್ಕಂತೆ ಬೆಳೆಯುವ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ನೀರು ಚೆನ್ನಾಗಿ ಸಿಕ್ಕ ವರ್ಷ ಉಂಗುರ ಅಗಲ, ಬರಗಾಲದ ವರ್ಷ ಕೂದಲೆಳೆಯಷ್ಟು ಕಿರಿದು. ಒಂದು ಸೀಮೆಯ ಮರಗಳೆಲ್ಲ ಒಂದೇ ಮಳೆಯನ್ನು ಕಂಡಿರುವುದರಿಂದ ಅಗಲ-ಕಿರಿದುಗಳ ಸಾಲು ಅವುಗಳಲ್ಲಿ ಹೊಂದಿಕೆಯಾಗುತ್ತದೆ. ಬದುಕಿರುವ ಮರದ ಒಳ ಉಂಗುರಗಳನ್ನು ಹಿಂದೆಂದೋ ಕಡಿದ ಮರದ ಹೊರ ಉಂಗುರಗಳ ಜೊತೆ ಹೊಂದಿಸುತ್ತಾ ಹೋದರೆ ಶತಮಾನಗಳಷ್ಟು ಹಿಂದಕ್ಕೆ ಒಂದು ವರ್ಷವೂ ತಪ್ಪದೆ ಎಣಿಸಬಹುದು. ಈ ವಿದ್ಯೆಯನ್ನು ಕಟ್ಟಿ ನಿಲ್ಲಿಸಿದ ಎ. ಇ. ಡಗ್ಲಾಸ್ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಏರಿಳಿತಕ್ಕೂ ಭೂಮಿಯ ಹವೆಗೂ ನಂಟಿದೆಯೇ ಎಂದು ತಿಳಿಯಲು ಅವರು ಮರಗಳ ಬಳಿ ಹೋದವರು. 1929ರಲ್ಲಿ ಅರಿಜೋನಾದಲ್ಲಿ ಸಿಕ್ಕ ಸುಟ್ಟ ತೊಲೆಯೊಂದು ಅವರ ಲೆಕ್ಕದ ಕೊಂಡಿ ಕೂಡಿಸಿತು. ಪ್ಯೂಬ್ಲೊ ಜನರ ಪೂರ್ವಜರು ಕಟ್ಟಿದ ಕಲ್ಲಿನ ಊರುಗಳ ವಯಸ್ಸು ಆಗ ಮೊದಲ ಸಲ ಇಸವಿಯಲ್ಲಿ ಗೊತ್ತಾಯಿತು.

ವರ್ಜೀನಿಯಾದಲ್ಲಿ ಈ ಕೆಲಸಕ್ಕೆ ಒದಗಿದ್ದು ಬಾಲ್ಡ್ ಸೈಪ್ರೆಸ್. ಜೌಗಿನಲ್ಲಿ, ಎಷ್ಟೋ ಸಲ ನೀರಿನಲ್ಲೇ ನಿಂತಿರುವ ಮರ ಬರವನ್ನು ದಾಖಲಿಸುತ್ತದೆ ಎಂದರೆ ಅಚ್ಚರಿಯಾಗುತ್ತದೆ. ಆದರೂ ಮಳೆ ತಗ್ಗಿ ಹೊಳೆ ಸೊರಗಿದ ವರ್ಷ ಅದರ ಬೆಳವಣಿಗೆಯೂ ಸೊರಗುತ್ತದೆ. ಆಯಸ್ಸಂತೂ ದೊಡ್ಡದು: ನಾರ್ತ್ ಕೆರೊಲಿನಾದ ಬ್ಲ್ಯಾಕ್ ನದಿಯ ಒಂದು ಸೈಪ್ರೆಸ್‌ಗೆ ಕನಿಷ್ಠ 2,624 ವರ್ಷ ಎಂದು 2019ರಲ್ಲಿ ತಿಳಿದುಬಂತು. ಅರ್ಕಾನ್ಸಾ ವಿಶ್ವವಿದ್ಯಾಲಯದ ಡೇವಿಡ್ ಸ್ಟಾಲ್ ಮತ್ತು ಸಂಗಡಿಗರು ಜೇಮ್ಸ್‌ಟೌನಿನ ದಕ್ಷಿಣಕ್ಕಿರುವ ಬ್ಲ್ಯಾಕ್‌ವಾಟರ್ ಮತ್ತು ನಾಟವೇ ನದಿಗಳ ಸೈಪ್ರೆಸ್ ಮರಗಳಿಂದ ಟೊಳ್ಳು ಬೈರಿಗೆಯಲ್ಲಿ ಸಣ್ಣ ಕಡ್ಡಿಯಷ್ಟು ದಪ್ಪದ ತಿರುಳು ತೆಗೆದರು. ಇದರಿಂದ ಮರಕ್ಕೆ ಹಾನಿಯಿಲ್ಲ. ಹವಾಮಾನ ಕಚೇರಿಯ ದಾಖಲೆಯಿರುವ ಇತ್ತೀಚಿನ ದಶಕಗಳ ಉಂಗುರಗಳನ್ನು ಆ ದಾಖಲೆಯ ಜೊತೆಗಿಟ್ಟು ತಾಳೆ ನೋಡಿ, ಯಾವ ಅಗಲದ ಉಂಗುರ ಎಷ್ಟು ಬರವನ್ನು ಸೂಚಿಸುತ್ತದೆ ಎಂದು ಮೊದಲು ಗೊತ್ತು ಮಾಡಿಕೊಂಡರು. ಆಮೇಲೆ ಅದೇ ಅಳತೆಯಲ್ಲಿ ಹಿಂದಕ್ಕೆ ಸುಮಾರು 800 ವರ್ಷ ಓದುತ್ತಾ ಹೋದರು.

1998ರಲ್ಲಿ ಪ್ರಕಟವಾದ ಫಲಿತಾಂಶ ಇತಿಹಾಸಕಾರರನ್ನು ಬೆಚ್ಚಿಬೀಳಿಸುವಂಥದು. 1606ರಿಂದ 1612ರವರೆಗಿನ ಏಳು ವರ್ಷ, 770 ವರ್ಷಗಳಲ್ಲೇ ಅತಿ ಒಣ ಏಳು ವರ್ಷ. ಅಂದರೆ ಹಡಗುಗಳು ದಡ ಮುಟ್ಟುವ ಮೊದಲೇ ಬರ ಬಂದು ಕೂತಿತ್ತು. ಇದಕ್ಕೂ ಹಿಂದೆ, 1587ರಲ್ಲಿ, ರೋನೋಕ್ ದ್ವೀಪದಲ್ಲಿ ಇಳಿದ ನೂರಕ್ಕೂ ಮಿಕ್ಕಿದ ಇಂಗ್ಲಿಷರು 1590ರ ವೇಳೆಗೆ ಕಾಣೆಯಾಗಿದ್ದರು. ಆ ಸೀಮೆಯ 800 ವರ್ಷಗಳ ಅತಿ ಭೀಕರ ಮೂರು ವರ್ಷದ ಬರ ಬಿದ್ದದ್ದು 1587ರಿಂದ 1589ರ ನಡುವೆ.

ಈಗ ಪೌಹಾಟನ್ ಊರೊಂದರ ಕಡೆಯಿಂದ ನೋಡಿ. ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದವರು ಹೆಂಗಸರು. ಒಳ್ಳೆಯ ವರ್ಷದಲ್ಲೂ ಕೂಡಿಟ್ಟ ಕಾಳು ಹೊಸ ಬೆಳೆಯವರೆಗೆ ಸಾಲುತ್ತಿರಲಿಲ್ಲ. ವಸಂತದಲ್ಲಿ ಮೀನು, ಬೇಟೆ, ಜೌಗಿನ ಗೆಡ್ಡೆಗಳೇ ಆಸರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇನ್ನೇನಿದ್ದೀತು? ತಮ್ಮ ದೇವರು ಮಳೆ ಕೊಡುತ್ತಿಲ್ಲ, ನಿಮ್ಮ ದೇವರನ್ನು ಬೇಡಿಕೊಳ್ಳಿ ಎಂದು ನದಿಯಾಚೆಯ ಬುಡಕಟ್ಟಿನ ಮುಖ್ಯಸ್ಥನೊಬ್ಬ ಕಾಣಿಕೆ ಕಳಿಸಿದ್ದನ್ನು ವಸಾಹತಿನ ನಾಯಕರಲ್ಲೊಬ್ಬನಾದ ಕ್ಯಾಪ್ಟನ್ ಜಾನ್ ಸ್ಮಿತ್ ಬರೆದಿದ್ದಾನೆ. ಬರದ ಸುಳಿವು ಕಾಗದದಲ್ಲೂ ಇತ್ತು, ಅದರ ತೂಕ ತಿಳಿದಿರಲಿಲ್ಲ ಅಷ್ಟೆ. ಇದೇ ಸ್ಮಿತ್ 1609ರ ಜನವರಿಯಲ್ಲಿ ಪೌಹಾಟನ್ ಜನರಲ್ಲೇ ಸೇರಿದ ಪಮಂಕಿ ಬುಡಕಟ್ಟಿನ ನಾಯಕ ಓಪೆಚಾಂಕನೋನ ಜುಟ್ಟು ಹಿಡಿದು, ಎದೆಗೆ ಪಿಸ್ತೂಲು ಇಟ್ಟು ಕಾಳು ಕಸಿದ. ಮೊದಲು ತಾಮ್ರ, ಮಣಿಗಳಿಗೆ ನಡೆಯುತ್ತಿದ್ದ ವಿನಿಮಯ ಹೀಗೆ ಸುಲಿಗೆಯಾಯಿತು. ಅದೇ ವರ್ಷ ಯುದ್ಧ ಹೊತ್ತಿಕೊಂಡಿತು, ಕೋಟೆಗೆ ಮುತ್ತಿಗೆ ಬಿತ್ತು.

ಬರ ನೀರನ್ನೂ ಕೆಡಿಸಿತ್ತು. ಜೇಮ್ಸ್‌ಟೌನಿನ ಬಳಿ ನದಿಗೆ ಸಮುದ್ರದ ಉಬ್ಬರ ತಟ್ಟುತ್ತದೆ. ಮೇಲಿಂದ ಸಿಹಿನೀರು ತಗ್ಗಿದಷ್ಟೂ ಕೆಳಗಿನ ಉಪ್ಪು ಒಳನುಗ್ಗುತ್ತದೆ. ಕೋಟೆಯ ಹಳೆಯ ಬಾವಿಯಲ್ಲಿ ಸಿಕ್ಕ ಸಿಂಪಿಗಳ ಚಿಪ್ಪು ಇದನ್ನು ಖಚಿತಪಡಿಸಿತು. ಚಿಪ್ಪು ಪದರ ಪದರವಾಗಿ ಬೆಳೆಯುವಾಗ ಸುತ್ತಲಿನ ನೀರಿನ ಆಕ್ಸಿಜನ್ ಅದರಲ್ಲಿ ಸೇರುತ್ತದೆ. ಸಮುದ್ರದ ನೀರಿನಲ್ಲಿ ಭಾರದ ಆಕ್ಸಿಜನ್ ಪ್ರಮಾಣ ಹೊಳೆಯ ನೀರಿಗಿಂತ ಹೆಚ್ಚು. 2010ರಲ್ಲಿ ಪ್ರಕಟವಾದ ಆ ವಿಶ್ಲೇಷಣೆಯ ಪ್ರಕಾರ ಆಗಿನ ನದಿ ಇಂದಿಗಿಂತ ಹೆಚ್ಚು ಸವುಳಾಗಿತ್ತು.

ಕೋಟೆಯೊಳಗೆ ಏನಾಯಿತೆಂಬುದು ಬರೆಯಲು ಕಷ್ಟವಾಗುವ ಸಂಗತಿ. ಕುದುರೆ, ನಾಯಿ, ಇಲಿ, ಹಾವುಗಳನ್ನು ತಿಂದು ಮುಗಿಸಿ ಕೊನೆಗೆ ಹೂತ ಹೆಣಗಳನ್ನೂ ಅಗೆದರೆಂದು ಆಗ ಅಧಿಕಾರದಲ್ಲಿದ್ದ ಜಾರ್ಜ್ ಪರ್ಸಿ ಬರೆದಿದ್ದ. ಉತ್ಪ್ರೇಕ್ಷೆಯೆಂದು ಹಲವರು ಅದನ್ನು ತಳ್ಳಿಹಾಕಿದ್ದರು. 2012ರಲ್ಲಿ ನೆಲಮಾಳಿಗೆಯೊಂದರ ಕಸದಲ್ಲಿ, ಕಡಿದ ಕುದುರೆ-ನಾಯಿಗಳ ಮೂಳೆಗಳ ನಡುವೆ, ಸುಮಾರು 14 ವರ್ಷದ ಇಂಗ್ಲಿಷ್ ಹುಡುಗಿಯ ತಲೆಬುರುಡೆ ಸಿಕ್ಕಿತು. ಸ್ಮಿತ್‌ಸೋನಿಯನ್ ಸಂಸ್ಥೆಯ ಡಗ್ಲಾಸ್ ಓಸ್ಲಿ ಪರೀಕ್ಷಿಸಿದಾಗ ಹಣೆಯ ಮೇಲೆ ಅಳುಕಿನ ಕೈ ಹಾಕಿದ ನಾಲ್ಕು ಮೇಲುಗಾಯದಂಥ ಪೆಟ್ಟುಗಳು, ತಲೆಯ ಹಿಂಬದಿಯಲ್ಲಿ ಬಲವಾದ ಹೊಡೆತಗಳು ಕಂಡವು. ಸತ್ತ ಮೇಲೆ ಬಿದ್ದ ಗುರುತುಗಳವು.

ಬರ ಎಲ್ಲರ ತಪ್ಪನ್ನೂ ತೊಳೆಯುವುದಿಲ್ಲ. ಮಳೆ ಬರಲಿಲ್ಲವೆಂದು ಪಿಸ್ತೂಲು ತಾನಾಗಿ ಯಾರ ಎದೆಗೂ ಏರದು. ಅದು ಮನುಷ್ಯರು ಮಾಡಿದ ಆಯ್ಕೆ. ಆದರೆ ಕಾಳು ಕೊಡದ ಪೌಹಾಟನ್ ಜನರನ್ನು ಕೇವಲ ಹಗೆಗಳೆಂದು ಬರೆದ ಇತಿಹಾಸ ತಪ್ಪೆಂಬುದರಲ್ಲಿ ನನಗೆ ಅನುಮಾನವಿಲ್ಲ. ಕೊಡಲು ಅವರ ಬಳಿ ಮಿಕ್ಕಿರಲಿಲ್ಲ, ಅವರ ಮಕ್ಕಳೂ ಹಸಿದಿದ್ದರು. ಓಪೆಚಾಂಕನೋನ ಪಮಂಕಿ ಬುಡಕಟ್ಟು ಇಂದಿಗೂ ವರ್ಜೀನಿಯಾದ ಪಮಂಕಿ ನದಿಯ ದಡದಲ್ಲಿ ತನ್ನ ಮೀಸಲು ನೆಲದಲ್ಲೇ ಬದುಕಿದೆ. ಅಮೆರಿಕದ ಕೇಂದ್ರ ಸರ್ಕಾರ ಅದಕ್ಕೆ ಮಾನ್ಯತೆ ಪ್ರಕಟಿಸಿದ್ದು 2015ರಲ್ಲಿ, ಜೇಮ್ಸ್‌ಟೌನ್ ಹುಟ್ಟಿದ 408 ವರ್ಷಗಳ ಮೇಲೆ.