ಅಂಗೈಯಲ್ಲಿ ಅಡಗುವ ಆನೆ

ಮುರ್ಡೇಶ್ವರದ 123 ಅಡಿ ಎತ್ತರದ ಶಿವಮೂರ್ತಿಯನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಅಂಗೈಯಲ್ಲಿಟ್ಟು ನೋಡಬೇಕಾದ ಶಿಲ್ಪವೂ ನಮ್ಮ ಜಿಲ್ಲೆಯಲ್ಲಿದೆ. ಅದು ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುವ ಆನೆ, ಸಿಂಹ, ನವಿಲುಗಳದ್ದು.

ಹೊನ್ನಾವರ, ಕುಮಟಾ, ಸಿರ್ಸಿ, ಸಿದ್ದಾಪುರಗಳಲ್ಲಿಯೂ ಘಟ್ಟದ ಮೇಲಿನ ಸಾಗರ, ಸೊರಬಗಳಲ್ಲಿಯೂ ಈ ಮನೆತನಗಳು ನೆಲೆಸಿವೆ. ಪೂರ್ವಜರು ಗೋವೆಯಿಂದ ಬಂದರೆಂಬುದು ಅವರ ಐತಿಹ್ಯ; ನಮ್ಮ ಅನೇಕ ಕುಟುಂಬಗಳ ಮೂಲವೂ ಅದೇ ಅಲ್ಲವೇ?

ಗಂಧದ ಚೇಗು ಗಟ್ಟಿ, ಎಳೆ ನಯ. ಆದುದರಿಂದಲೇ ಆನೆಯ ಚರ್ಮದ ಸುಕ್ಕು, ನವಿಲುಗರಿಯ ಗೆರೆ ಅದರಲ್ಲಿ ಉಳಿಯುತ್ತವೆ. ಹೆಚ್ಚು ತೆಗೆದರೆ ಮರಳಿ ಅಂಟಿಸುವಂತಿಲ್ಲ. ಎಲ್ಲಿ ನಿಲ್ಲಿಸಬೇಕೆಂಬ ಅರಿವೇ ಇಲ್ಲಿ ವಿದ್ಯೆ.

ದ್ರವ್ಯವಿಲ್ಲದೆ ಪ್ರತಿಮೆಯ ರೂಪಕ್ಕೆ ನೆಲೆಯಿಲ್ಲವೆಂದು ಅರಿಸ್ಟಾಟಲ್ ಬೋಧಿಸಿದನು. ಇಂದು ಕೊರತೆ ದ್ರವ್ಯದ್ದೇ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. 2001ರ ಕಾನೂನು ತಿದ್ದುಪಡಿಯವರೆಗೆ ಸ್ವಂತ ಹಿತ್ತಲಿನ ಗಂಧದ ಮರವೂ ಸರಕಾರದ್ದಾಗಿತ್ತು. ತನ್ನದಲ್ಲದ ಮರವನ್ನು ಯಾರು ತಾನೇ ಸಾಕಿಯಾರು? ಕಳ್ಳಸಾಗಣೆ, ರೋಗಗಳೂ ಸೇರಿ 1998ರಲ್ಲಿ ಅದು ಅಪಾಯದಂಚಿನ ಪಟ್ಟಿಗೆ ಸೇರಿತು. ಮರ ದುರ್ಲಭವಾದರೆ ಕೈಯ ವಿದ್ಯೆ ಮಕ್ಕಳಿಗೆ ಇಳಿಯುವುದು ಹೇಗೆ?

ಈಗ ಯಾರೂ ಗಂಧವನ್ನು ಬೆಳೆಸಬಹುದು. ಆದರೆ ಚೇಗು ಬಲಿಯಲು ದಶಕಗಳು ಬೇಕು. ಮೇಲಾಗಿ ಈ ಗಿಡ ಒಂಟಿಯಾಗಿ ಬಾಳದು. ಪಕ್ಕದ ಗಿಡದ ಬೇರಿನಿಂದ ಸತ್ವ ಪಡೆದೇ ಬೆಳೆಯುತ್ತದೆ. ಹಿತ್ತಲಿನಲ್ಲಿ ತೊಗರಿಯ ಜೊತೆಗೆ ಒಂದು ಗಂಧದ ಸಸಿಯನ್ನು ನೆಡೋಣ. ನಾವು ನೆಟ್ಟದ್ದನ್ನು ಕೆತ್ತುವ ಕೈ ಇನ್ನೂ ಹುಟ್ಟಿರಲಿಕ್ಕಿಲ್ಲ. ಆ ಕೈಗೆ ಮರವಾದರೂ ಕಾದಿರಲಿ.