ಮೇಣಕ್ಕೆ ಇಂಗಾಲದ ಪುಡಿ ಯಾಕೆ?

ಒಂದು ಕಿಲೋ ಪ್ಯಾರಾಫಿನ್ ಮೇಣ ಕರಗೋಕೆ ಸುಮಾರು 200 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಒಂದು ಲೀಟರ್ ನೀರಿನ ಬಿಸಿ 48 ಡಿಗ್ರಿಯಷ್ಟು ಏರುತ್ತೆ! ಮತ್ತೆ ಗಟ್ಟಿಯಾಗುವಾಗ ಮೇಣ ಆ ಶಾಖವನ್ನು ವಾಪಸ್ ಕೊಡುತ್ತೆ. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡೋಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ತೊಡಕು ಏನಂದ್ರೆ, ಮೇಣದೊಳಗೆ ಶಾಖ ಆಮೆಗತಿಯಲ್ಲಿ ಸಾಗುತ್ತೆ. ಶಾಖ ಹೊರತೆಗೆಯೋಕೆ ಮೇಣದೊಳಗೆ ನೀರಿನ ಕೊಳವೆ ಹಾಯಿಸಿದರೆ, ಅದಕ್ಕೆ ಅಂಟಿದ ಮೇಣ ಮೊದಲು ಗಟ್ಟಿಯಾಗಿ, ಹಿಂದಿರೋ ಬಿಸಿಗೆ ತಾನೇ ಅಡ್ಡ ನಿಲ್ಲುತ್ತೆ.

ಅದಕ್ಕೇ ಶಾಖವನ್ನು ಚುರುಕಾಗಿ ಸಾಗಿಸೋ ಇಂಗಾಲದ ಪುಡಿ, ಅಂದ್ರೆ ಗ್ರಾಫೀನ್ ಚೂರು, ಇಂಗಾಲದ ನ್ಯಾನೊ ಕೊಳವೆ ಬೆರೆಸ್ತಾರೆ. ಕಣಕ್ಕೆ ಕಣ ತಾಗಿದರೆ ಶಾಖಕ್ಕೆ ದಾರಿ ಸಿಕ್ಕಿತು. ಹಾಗಂತ ಜಾಸ್ತಿ ಸುರಿಯೋ ಹಾಗಿಲ್ಲ: ಪುಡಿ ಕರಗಲ್ಲ, ಅಷ್ಟು ಶಾಖ ಖೋತಾ. ಕರಗಿದ ಮೇಣವೂ ಮಂದವಾಗುತ್ತೆ. ನಿಜವಾದ ತಲೆನೋವು ಬೇರೆ ಅನ್ನಿ: ಕರಗಿ ಗಟ್ಟಿಯಾಗಿ, ಮತ್ತೆ ಕರಗಿ ಗಟ್ಟಿಯಾಗಿ, ಕಣಗಳು ಗುಂಪುಗೂಡಿ ತಳ ಹಿಡಿದುಬಿಡ್ತವೆ.